ಕೋರ್ಟ್ ಅಸೆಸ್‌ಮೆಂಟ್ ಕೆಲಸಕ್ಕೆ ಹೋಗಬಹುದಾ? ಅನುಭವ ಇದ್ದವರು ಹೇಳಿ

ಎರಡು ಮನಸ್ಸು:
ಆರು ವರ್ಷದಿಂದ ಥೆರಪಿ ಮಾಡುತ್ತಿದ್ದೇನೆ. ಈಗ ಆರೋಪಿಗಳ ಮನಸ್ಥಿತಿಯ ಅಸೆಸ್‌ಮೆಂಟ್ ಮಾಡಿ ಕೋರ್ಟಿಗೆ ವರದಿ ಕೊಡುವ ಕೆಲಸಕ್ಕೆ ಕರೆದಿದ್ದಾರೆ. ಮನೆಯಲ್ಲಿ ಎರಡು ವರ್ಷದ ಮಗು ಇದೆ, ಸಂಜೆ ಆರರ ನಂತರ ನನ್ನಿಂದ ಆಗುವುದಿಲ್ಲ. ಈ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯುತ್ತದಾ?

ಹಳೇ ಕಟಕಟೆ:
ಹನ್ನೊಂದು ವರ್ಷ ಆಯಿತು, ಈಗಲೂ ಮಾಡುತ್ತಿದ್ದೇನೆ. ಕೋರ್ಟೇ ನೇಮಿಸಿದ ಕೇಸು ಮಾತ್ರ. ನಾನು ಹೇಳುವುದು ಒಂದೇ, ಕೂಡಿಸಿದ್ದನ್ನು ಎರಡು ಸಲ ನೋಡಿ.

ನಾಲ್ಕನೇ ವರ್ಷದ ಒಂದು ವರದಿ, 34 ಪುಟ. ಜೈಲಿಗೆ ಮೂರು ಸಲ ಹೋಗಿ ಆರೋಪಿಯನ್ನು ಒಂಬತ್ತು ಗಂಟೆ ಮಾತಾಡಿಸಿದ್ದೆ. ಅವನ ಹಳೇ ಆಸ್ಪತ್ರೆ ದಾಖಲೆ 600 ಪುಟ, ಅದಕ್ಕೆ ಎರಡು ಶನಿವಾರ ಎರಡು ಭಾನುವಾರ ಹೋಯಿತು. ಅಕ್ಕನ ಹತ್ತಿರ, ಹಳೇ ಮೇಷ್ಟ್ರ ಹತ್ತಿರ ಫೋನಲ್ಲಿ ಮಾತು. ಬರೆಯುವುದಕ್ಕೇ 22 ಗಂಟೆ. 19ನೇ ಪುಟದಲ್ಲಿ ಪಿಸಿಎಲ್-ಆರ್ ಅಂಕ, ಅಂದರೆ ಸೈಕೋಪಾತ್ ಗುಣ ಅಳೆಯುವ ಪಟ್ಟಿಯದ್ದು, 20 ಅಂಶ, ಒಂದೊಂದಕ್ಕೆ ಸೊನ್ನೆಯೋ ಒಂದೋ ಎರಡೋ. ಕೂಡಿದರೆ 23 ಬರಬೇಕು, ನಾನು 25 ಬರೆದಿದ್ದೆ. ಸೈಕೋಪಾತ್ ಅನ್ನುವ ಗೆರೆ 30, ಎರಡೂ ಅದರ ಕೆಳಗೇ, ತೀರ್ಮಾನ ಏನೂ ಬದಲಾಗುವುದಿಲ್ಲ. ಆದರೆ ಪಾಟೀ ಸವಾಲಿನಲ್ಲಿ ವಕೀಲರೊಬ್ಬರು ಹಾಳೆಯನ್ನು ನನ್ನ ಕೈಗೇ ಕೊಟ್ಟು "ಜೋರಾಗಿ ಕೂಡಿಸಿ ಹೇಳಿ ಮೇಡಂ" ಅಂದರು. ಇಪ್ಪತ್ತು ಅಂಕಿ. ಕಟಕಟೆಯಲ್ಲಿ ನಿಂತು ಬೆರಳು ಮಡಚಿಕೊಂಡು ಕೂಡಿಸಿದೆ. ಟೈಪಿಸ್ಟ್ ಕೂಡ ಕೈ ನಿಲ್ಲಿಸಿ ನೋಡುತ್ತಿದ್ದರು. ಆಮೇಲೆ ಒಂದು ಗಂಟೆ ಐವತ್ತು ನಿಮಿಷ ಬೇರೆ ಪ್ರಶ್ನೆಯೇ ಇಲ್ಲ, ಕೂಡಿಸೋಕೆ ಬಾರದವರು ಮನಸ್ಸು ಹೇಗೆ ಅಳೀತೀರಿ ಅನ್ನೋದನ್ನೇ ತಿರುಗಿಸಿ ಮುರುಗಿಸಿ ಕೇಳಿದರು.

ನೀಲಿ ಪೆನ್ನು:
ಹೋಗಲೇಬೇಡಿ. ಎರಡೂವರೆ ವರ್ಷ ಮಾಡಿ ಬಿಟ್ಟು ಬಂದೆ. ಲೆಕ್ಕ ತಪ್ಪಿದ್ದು ಏನು ಮಹಾ, ನನ್ನದು ಕೇಳಿ.

ಜೈಲಿನ ಗೇಟಲ್ಲಿ ಮೂರು ಗಂಟೆ ಹತ್ತು ನಿಮಿಷ ಕಾಯಿಸಿದರು. ಲ್ಯಾಪ್‌ಟಾಪ್ ಬಿಡಲಿಲ್ಲ. ಸ್ಟೇಪಲ್ ಪಿನ್ ಇದ್ದ ಹಾಳೆಯನ್ನೂ ಬಿಡಲಿಲ್ಲ, ನಿಂತಲ್ಲೇ ಉಗುರಿನಿಂದ ಒಂದೊಂದೇ ಪಿನ್ ಕಿತ್ತು ಕೊಟ್ಟೆ. ಆರೋಪಿ ಹುಡುಗನಿಗೆ ಓದೋಕೆ ಬರುವುದಿಲ್ಲ, ಎಂಎಂಪಿಐ-2 ಅನ್ನುವ ವ್ಯಕ್ತಿತ್ವ ಪರೀಕ್ಷೆಯ 567 ವಾಕ್ಯಗಳನ್ನು ನಾನೇ ಓದಿ ಹೇಳಬೇಕಾಯಿತು. 410ರ ಹತ್ತಿರ ಗಂಟಲು ಕಟ್ಟಿತು. ಶುರುವಿನಲ್ಲೇ "ನಾನು ಚಿಕಿತ್ಸೆಗೆ ಬಂದವಳಲ್ಲ, ನೀನು ಹೇಳಿದ್ದೆಲ್ಲ ಕೋರ್ಟಿಗೆ ಹೋಗಬಹುದು" ಅಂತ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದೆ. ಸರಿ. ಆದರೆ ಮಾರನೇ ದಿನ ಮಾತಾಡುತ್ತಾ ಅವನು ಅತ್ತ. ನಾನು ಹಳೇ ಅಭ್ಯಾಸದಲ್ಲಿ ಟಿಶ್ಯೂ ಮುಂದಿಟ್ಟು "ಪರವಾಗಿಲ್ಲ, ಹೇಳು" ಅಂದುಬಿಟ್ಟೆ. ಹೇಳಿದ. ಆ ಒಂದು ವಾಕ್ಯ 11ನೇ ಪುಟಕ್ಕೆ ಹೋಯಿತು, ಹೋಗಲೇಬೇಕಿತ್ತು. ತೀರ್ಪಿನ ದಿನ ನನ್ನನ್ನು ನೋಡಿ ಥ್ಯಾಂಕ್ಸ್ ಮೇಡಂ ಅಂದ. ವರದಿಯಲ್ಲಿ ಏನಿದೆ ಅಂತ ಅವನಿಗೆ ಗೊತ್ತೇ ಇರಲಿಲ್ಲ.

ಡಿಫೆನ್ಸ್ ಕಡೆಯವ:
ಒಂದು ನಿಮಿಷ. 567ನ್ನೂ ನೀವೇ ಓದಿ ಹೇಳಿದಿರಾ? ಓದಲು ಬಾರದವರಿಗೆ ರೆಕಾರ್ಡ್ ಮಾಡಿದ ಆಡಿಯೋ ಹಾಕಬೇಕು. ನಿಮ್ಮ ದನಿ ಒಂದು ಕಡೆ ಏರಿದರೆ ಸಾಕು, ಎದುರಿಗಿದ್ದವನ ಉತ್ತರ ಆ ಕಡೆ ವಾಲುತ್ತದೆ. ಆ ವರದಿ ನನ್ನ ಕೈಗೆ ಬಂದಿದ್ದರೆ ಚಿಂದಿ ಮಾಡುತ್ತಿದ್ದೆ.

ನಾನು ಏಳು ವರ್ಷದಿಂದ ಆರೋಪಿಗಳ ವಕೀಲರ ಪರ ಮಾಡುತ್ತಿದ್ದೇನೆ, ಇದರಲ್ಲಿ ನಾಚಿಕೆ ಏನೂ ಇಲ್ಲ. ಒಂದು ಕೇಸಿನಲ್ಲಿ "ಇವರಿಗೆ ವಿಚಾರಣೆ ಚೆನ್ನಾಗಿಯೇ ಅರ್ಥವಾಗುತ್ತದೆ, ಕಾಯಿಲೆ ನೆಪ" ಅಂತ ಬರೆದುಕೊಟ್ಟೆ. ವಕೀಲರು ಓದಿದರು, ಡ್ರಾಯರಿಗೆ ಹಾಕಿದರು. ಫೀಸಿನ ಉಳಿದ ಅರ್ಧಕ್ಕೆ ಎಂಟು ತಿಂಗಳು, ಹನ್ನೊಂದು ಮೇಲ್, ನಾಲ್ಕು ಸಲ ಆಫೀಸಿನ ಬಾಗಿಲು. ಇನ್ನೂ ಬಂದಿಲ್ಲ.

ನೀಲಿ ಪೆನ್ನು:
ಆಡಿಯೋ ಹಾಕೋಕೆ ಯಂತ್ರ ಒಳಗೆ ಬಿಟ್ಟರೆ ತಾನೇ? ಪಿನ್ನೇ ಬಿಡಲಿಲ್ಲ ಅಂತ ಬರೆದಿದ್ದೇನೆ, ಓದಿ.

ಹಳೇ ಕಟಕಟೆ:
ಡಿಫೆನ್ಸ್ ಸರ್, ಒಬ್ಬರ ಹತ್ತಿರ ಹಣ ತಗೊಂಡು ನಿಷ್ಪಕ್ಷ ಅನ್ನಬೇಡಿ. 2013ರಲ್ಲಿ ಅಮೆರಿಕದ ಸಂಶೋಧಕರು ನೂರಕ್ಕೂ ಹೆಚ್ಚು ತಜ್ಞರಿಗೆ ಒಂದೇ ಫೈಲುಗಳನ್ನು ಕೊಟ್ಟು, ಕೆಲವರಿಗೆ ಪ್ರಾಸಿಕ್ಯೂಷನ್ ಕಡೆ ಅಂತ, ಉಳಿದವರಿಗೆ ಡಿಫೆನ್ಸ್ ಕಡೆ ಅಂತ ನಂಬಿಸಿದರು. ಕರೆದವರ ಕಡೆಗೇ ಅಂಕ ವಾಲಿತು.

ಡಿಫೆನ್ಸ್ ಕಡೆಯವ:
ಪೂರ್ತಿ ಹೇಳಿ ಮೇಡಂ. ಜಾಸ್ತಿ ವಾಲಿದ್ದು ನಿಮ್ಮ ಪ್ರೀತಿಯ ಪಿಸಿಎಲ್-ಆರ್‌ನಲ್ಲೇ. ಇನ್ನೊಂದು, ಯುರೋಪಿನಲ್ಲಿ ಎಷ್ಟೋ ಕಡೆ 30 ಅಲ್ಲ, 25ಕ್ಕೇ ಗೆರೆ ಎಳೆಯುತ್ತಾರೆ. ಅಲ್ಲಿ ಆಗಿದ್ದರೆ ನಿಮ್ಮ ಆ ಎರಡು ಅಂಕ ಒಬ್ಬನ ಹಣೆಗೆ ಸೈಕೋಪಾತ್ ಅಂತ ಅಂಟಿಸುತ್ತಿತ್ತು. "ಏನೂ ಬದಲಾಗುವುದಿಲ್ಲ" ಅಂತೆ!

ದಾರಿಹೋಕ:
ನಾನು ಈ ಫೀಲ್ಡಿನವನಲ್ಲ. ಆದರೂ ಕೇಳುತ್ತೇನೆ, ಕೊಲೆ ಮಾಡಿದವನಿಗೆ ಹುಚ್ಚು ಅಂತ ಬರೆದು ಹೊರಗೆ ಬಿಡಿಸುವುದೇ ತಾನೇ ನಿಮ್ಮ ಕೆಲಸ? ನಾಟಕ ಆಡಿದರೆ ಹೇಗೆ ಗೊತ್ತಾಗುತ್ತೆ?

ಗೇಟ್ ಪಾಸ್:
ಹೊರಗೆ ಅಂದರೆ ಎಲ್ಲಿಗೆ ಸ್ವಾಮಿ? 1843ರಲ್ಲಿ ಇಂಗ್ಲೆಂಡಿನ ಪ್ರಧಾನಿಯ ಕಾರ್ಯದರ್ಶಿಗೆ ಗುಂಡು ಹೊಡೆದ ಮ್ಯಾಕ್‌ನಾಟನ್‌ನನ್ನು ಇದೇ ಕಾರಣಕ್ಕೆ ನಿರ್ದೋಷಿ ಅಂದರು. ಮನೆಗೆ ಹೋದನಾ? 1865ರಲ್ಲಿ ಸಾಯುವ ತನಕ ಹುಚ್ಚಾಸ್ಪತ್ರೆಯಲ್ಲೇ ಇದ್ದ. ಮಜಾ ಏನು ಅಂದರೆ, ಅವನನ್ನು ಒಮ್ಮೆಯೂ ಮಾತಾಡಿಸದೆ ಕೋರ್ಟಿನಲ್ಲಿ ಸುಮ್ನೆ ಕೂತು ನೋಡಿಯೇ ಸಾಕ್ಷಿ ಹೇಳಿದ ವೈದ್ಯರೂ ಇದ್ದರು. ನಾವು ಒಂಬತ್ತು ಗಂಟೆ ಮಾತಾಡಿಸಿ ಬೈಸಿಕೊಳ್ಳುತ್ತಿದ್ದೇವೆ.

ನಾಟಕದ ವಿಷಯಕ್ಕೆ ಬಂದರೆ, ಅದಕ್ಕೇ ಅಂತ ಪರೀಕ್ಷೆಗಳಿವೆ, ಅದರ ಗುಟ್ಟು ಏನಪ್ಪಾ ಅಂದರೆ… (ಇಲ್ಲಿದ್ದ ಆರು ಸಾಲು ಅಳಿಸಿದ್ದೇನೆ.)

ನೀಲಿ ಪೆನ್ನು:
ಅಳಿಸಿದ್ದು ನಾನು ಬೈದ ಮೇಲೆ. ಪರೀಕ್ಷೆಯ ಒಳಗುಟ್ಟನ್ನು ಹೀಗೆ ಎಲ್ಲರೆದುರು ಬರೆದರೆ ನಾಳೆ ಅದನ್ನು ಓದಿಕೊಂಡೇ ಬಂದು ಕೂರುತ್ತಾರೆ. ಲೈಸೆನ್ಸ್ ಇದೆಯಾ ನಿಮಗೆ?

ಗೇಟ್ ಪಾಸ್:
ಬಿಟ್ಟು ಹೋದವರು ನಮಗೆ ಪಾಠ ಹೇಳುವುದು ಬೇಡ.

ಎರಡು ಮನಸ್ಸು:
ಸಂಜೆ ಆರರ ವಿಷಯ ಯಾರಾದರೂ ಹೇಳುತ್ತೀರಾ?

ಹಳೇ ಕಟಕಟೆ:
ಸಮನ್ಸ್ ಇದ್ದ ದಿನ ಬೆಳಗ್ಗೆಯೇ ಹೋಗಿ ಕೂರಬೇಕು. ಮಧ್ಯಾಹ್ನದ ಹೊತ್ತಿಗೆ ಕೇಸು ಮುಂದಕ್ಕೆ ಹೋಗುತ್ತದೆ, ಹಾಗಾಗಿ ಐದಕ್ಕೆ ಮನೆ. ಒಂದೇ ಕೇಸಿಗೆ ಹೀಗೆ ಏಳು ಸಲ ಹೋಗಿ ಬಂದಿದ್ದೇನೆ, ಒಂದು ಸಲವೂ ನನ್ನ ಹೆಸರು ಕರೆಯಲಿಲ್ಲ. ವರದಿ ಬರೆಯುವುದು ಮಾತ್ರ ಮಗು ಮಲಗಿದ ಮೇಲೆಯೇ.

ಡಿಫೆನ್ಸ್ ಕಡೆಯವ:
ಓಹೋ, 25 ಬಂದಿದ್ದು ಹೀಗೆ.

ಹಳೇ ಕಟಕಟೆ:
ಅದನ್ನು ಕೂಡಿಸಿದ್ದು ಬೆಳಗ್ಗೆ ಹನ್ನೊಂದಕ್ಕೆ. ನಿಮಗೆ ಫೀಸು ಬಂತಾ?