ಒಂದು ಫಾರ್ಮ್ ಪ್ರಕಾರ ಚೆನ್ನಾಗಿದ್ದೇನೆ, ಇನ್ನೊಂದರ ಪ್ರಕಾರ ಇಲ್ಲ. ಯಾವುದನ್ನು ನಂಬಲಿ?

ಪ್ರಶ್ನೆ:
ತೂಕದ ಚಿಕಿತ್ಸೆಗೆ ಹೋಗಿದ್ದೆ. ಜೀವನದ ಗುಣಮಟ್ಟ ಅಳೆಯಬೇಕು ಅಂತ ಎರಡು ಫಾರ್ಮ್ ಕೊಟ್ಟರು. ಒಂದು ಇಕ್ಯೂ-5ಡಿ. ಓಡಾಟ, ಸ್ನಾನ-ಬಟ್ಟೆ, ದಿನದ ಕೆಲಸ, ನೋವು, ಆತಂಕ-ಖಿನ್ನತೆ, ಇಷ್ಟೇ. ಮಂಡಿನೋವು ಬಿಟ್ಟರೆ ಎಲ್ಲದಕ್ಕೂ ‘ತೊಂದರೆ ಇಲ್ಲ’ ಅಂತ ಗುರುತು ಹಾಕಿದೆ. ಇನ್ನೊಂದು ಐಡಬ್ಲ್ಯೂಕ್ಯೂಒಎಲ್-ಲೈಟ್. ಅದರಲ್ಲಿ 31 ಪ್ರಶ್ನೆ. ಸೀಟಿನಲ್ಲಿ ಹಿಡಿಸುತ್ತೀರಾ, ಕುರ್ಚಿ ಭಾರ ತಡೆಯುತ್ತದೋ ಇಲ್ಲವೋ ಅನ್ನುವ ಚಿಂತೆ ಇದೆಯಾ, ಜನ ಆಡಿಕೊಳ್ಳುತ್ತಾರಾ... ಎಲ್ಲಿಗೆ ಹೋದರೂ ಕೈಯಿಲ್ಲದ ಕುರ್ಚಿ ಎಲ್ಲಿದೆ ಅಂತ ಮೊದಲು ಹುಡುಕುವವಳು ನಾನು. ಕೊನೆಗೆ 100ಕ್ಕೆ 58 ಬಂತು. ಜಾಸ್ತಿ ಬಂದಷ್ಟೂ ಒಳ್ಳೆಯದಂತೆ. ಬಿಎಂಐ ಹೇಗೂ ಗೊತ್ತಿದೆ, ಇದೆಲ್ಲ ಯಾಕೆ?

ಉತ್ತರ 1:
ಎರಡೂ ಸರಿಯೇ. ಇಕ್ಯೂ-5ಡಿ ಎಲ್ಲ ಕಾಯಿಲೆಗೂ ಒಂದೇ. ಹೃದ್ರೋಗಿಯನ್ನೂ ನಿಮ್ಮನ್ನೂ ಒಂದೇ ಅಳತೆಯಲ್ಲಿ ನೋಡಬಹುದು, ಚಿಕಿತ್ಸೆಯ ಖರ್ಚು-ಲಾಭ ಲೆಕ್ಕ ಹಾಕುವವರಿಗೆ ಅದೇ ಬೇಕು. ಆದರೆ ಅದಕ್ಕೆ ಕುರ್ಚಿ ಕಾಣುವುದಿಲ್ಲ. ಎರಡನೆಯದು ತೂಕಕ್ಕೆಂದೇ ಮಾಡಿದ್ದು. ದೇಹದ ಚಟುವಟಿಕೆ, ತನ್ನ ಬಗ್ಗೆ ತನಗಿರುವ ಗೌರವ, ಲೈಂಗಿಕ ಜೀವನ, ನಾಲ್ಕು ಜನರ ನಡುವಿನ ಮುಜುಗರ, ಉದ್ಯೋಗ ಅಂತ 5 ಭಾಗ. ಬಿಎಂಐ ಬರೀ ಎತ್ತರ-ತೂಕದ ಲೆಕ್ಕ. ಒಂದೇ ಬಿಎಂಐ ಇರುವ ಇಬ್ಬರ ದಿನಗಳು ಬೇರೆ ಬೇರೆ ಇರಬಹುದು. 58 ಬಿಡಿ, ಭಾಗವಾರು ಅಂಕ ಕೇಳಿ ತಗೊಳ್ಳಿ.

ಉತ್ತರ 2:
ನನಗೊಂದು ತಕರಾರಿದೆ. ಕುರ್ಚಿ ಇಕ್ಕಟ್ಟಾಗಿ ಮಾಡಿದ್ದು ಯಾರೋ, ಆಡಿಕೊಂಡದ್ದು ಇನ್ಯಾರೋ. ಅಂಕ ಕಡಿಮೆಯಾಗುವುದು ಮಾತ್ರ ಇವರದ್ದು! ಜೊತೆಗೆ ಆ ಫಾರ್ಮಿನಲ್ಲಿ ಎಲ್ಲವೂ ‘ನನ್ನ ತೂಕದಿಂದಾಗಿ’ ಅಂತಲೇ ಶುರು. ಮಂಡಿನೋವು ಹಳೇ ಪೆಟ್ಟಿನದ್ದೋ ತೂಕದ್ದೋ, ಯಾರು ಹೇಳಬೇಕು?

ಪ್ರಶ್ನೆ ಕೇಳಿದವರು:
ಭಾಗವಾರು ಕೇಳಿದೆ. ದೇಹದ್ದು 71. ಕೆಳಗೆ ಎಳೆದದ್ದು ಮುಜುಗರ, ಆಮೇಲೆ ಸ್ವಗೌರವ. ಅಂದರೆ ನಾಲ್ಕು ಕಿಲೋ ಇಳಿದರೂ ಈ ಅಂಕ ಏರದೇ ಇರಬಹುದು, ಅಲ್ವಾ? ಇನ್ನೊಂದು ವಿಷಯ. ಲೈಂಗಿಕ ಜೀವನದ ಪ್ರಶ್ನೆಗಳಿಗೆ ಸುಮ್ನೆ ‘ತೊಂದರೆ ಇಲ್ಲ’ ಅಂತ ಹಾಕಿಬಿಟ್ಟೆ. ಅಮ್ಮ ಪಕ್ಕದಲ್ಲೇ ಕೂತು ಇಣುಕುತ್ತಿದ್ದರು.

ಉತ್ತರ 1:
ಹೌದು, ಏರದೇ ಇರಬಹುದು. ತೂಕ ಇಳಿಯದೆ ಅಂಕ ಏರುವುದೂ ಉಂಟು. ಮುಂದಿನ ಸಲ ಅದೇ ಫಾರ್ಮನ್ನೇ ಕೇಳಿ, ಇಲ್ಲದಿದ್ದರೆ ಹೋಲಿಸಲು ಆಗುವುದಿಲ್ಲ. ಅಮ್ಮನನ್ನು ಹೊರಗೆ ಕೂರಿಸಿ.