ವಿದೇಶದ ವಿಶ್ವವಿದ್ಯಾಲಯ ಸೀಟು ಕೊಡಲಿಲ್ಲ, ಮುಂದೇನು? ದಾವಣಗೆರೆ–ಚಿತ್ರದುರ್ಗದವರ ಪ್ರಶ್ನೆಗಳಿಗೆ ಸಲಹೆಗಾರ್ತಿಯ ಉತ್ತರ

ಪ್ರಶ್ನೆ (ವಿದ್ಯಾರ್ಥಿನಿ, ದಾವಣಗೆರೆ): ಮೇಡಂ, ನಮಸ್ಕಾರ. ಕಳೆದ ವರ್ಷ ಇಲ್ಲಿಯೇ ಮೆಕ್ಯಾನಿಕಲ್ ಬಿ.ಇ. ಮುಗಿಸಿದ್ದೇನೆ. ವಿಟಿಯು, ಸಿಜಿಪಿಎ 7.4. ಒಂದು ವಿಷಯ ಉಳಿದಿತ್ತು, ಮುಂದಿನ ಸೆಮಿಸ್ಟರ್‌ನಲ್ಲಿ ಪಾಸಾಯಿತು. ಎಂ.ಎಸ್.ಗೆ ಅಮೆರಿಕದಲ್ಲಿ ಎರಡು, ಜರ್ಮನಿಯಲ್ಲಿ ಎರಡು ಕಡೆ ಬೆಂಗಳೂರಿನ ಒಂದು ಏಜೆನ್ಸಿಯ ಮೂಲಕ ಅರ್ಜಿ ಹಾಕಿದ್ದೆ. ನಾಲ್ಕೂ ಕಡೆ ಆಗಲಿಲ್ಲವೆಂದು ಅವರು ಫೋನಿನಲ್ಲಿ ತಿಳಿಸಿದರು. ಜರ್ಮನಿಯ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಸೀಟು ಖಚಿತ, ಈ ವಾರವೇ ಮುಂಗಡ ಕಟ್ಟಿ ಎನ್ನುತ್ತಿದ್ದಾರೆ. ಅಪ್ಪ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು, ಕಟ್ಟೋಣ ಎನ್ನುತ್ತಾರೆ. ಅಮ್ಮ ಇಲ್ಲಿಯೇ ಎಂ.ಟೆಕ್ ಮಾಡು ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಈ ವಾರ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಬೇರೆಲ್ಲ ಆಮೇಲೆ.

ನೀವು ಬರೆದದ್ದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಫೋನಿನಲ್ಲಿ ತಿಳಿಸಿದರು’ ಎಂಬ ಮಾತು. ಪತ್ರ ಎಲ್ಲಿ? ಬಹಳಷ್ಟು ಏಜೆನ್ಸಿಗಳು ವಿದ್ಯಾರ್ಥಿಯ ಹೆಸರಿನಲ್ಲಿ ತಾವೇ ಒಂದು ಇಮೇಲ್ ತೆರೆದು, ಪಾಸ್‌ವರ್ಡ್ ತಮ್ಮಲ್ಲಿಯೇ ಇಟ್ಟುಕೊಳ್ಳುತ್ತವೆ. ವಿಶ್ವವಿದ್ಯಾಲಯ ಏನು ಬರೆಯಿತು, ಯಾವ ದಾಖಲೆ ಕೇಳಿತು, ಯಾವ ದಿನ ಕೇಳಿತು, ಒಂದೂ ಹುಡುಗರಿಗೆ ಗೊತ್ತಿರುವುದಿಲ್ಲ. ಇವತ್ತೇ ನಾಲ್ಕೂ ಪೋರ್ಟಲ್‌ಗಳ ಲಾಗಿನ್ ವಿವರ ಕೇಳಿ ಪಡೆಯಿರಿ. ಆ ಪತ್ರಗಳನ್ನು ಓದದೆ ನಿಮಗೆ ದಾರಿ ತೋರಿಸುತ್ತೇನೆ ಎನ್ನುವವರು, ನಾನೂ ಸೇರಿದಂತೆ, ಕತ್ತಲಲ್ಲಿ ಕೈಯಾಡಿಸುತ್ತಿರುತ್ತಾರೆ.

ಖಾಸಗಿ ಸೀಟಿನ ಬಗ್ಗೆ ಅಪ್ಪನಿಗೆ ಹೀಗೆ ಹೇಳಿ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಏಜೆಂಟರಿಗೆ ಕಮಿಷನ್ ಕೊಡುವುದಿಲ್ಲ. ಹಲವು ಖಾಸಗಿ ಸಂಸ್ಥೆಗಳು ಕೊಡುತ್ತವೆ. ಸರ್ಕಾರಿ ಕಡೆ ಆಗಲಿಲ್ಲವೆಂದ ಮರುದಿನವೇ ಖಾಸಗಿ ಸೀಟು ‘ಖಚಿತ’ವಾಗುವುದರ ಹಿಂದಿನ ಲೆಕ್ಕ ಅದು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುತೇಕ ಕಡೆ ಬೋಧನಾ ಶುಲ್ಕವಿಲ್ಲ, ಸೆಮಿಸ್ಟರ್ ವಂತಿಗೆ ಮಾತ್ರ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ ಮಾತ್ರ 2017ರಿಂದ ಯುರೋಪ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ಹಾಕುತ್ತದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ ಈಗ ಶುಲ್ಕ ವಿಧಿಸುತ್ತಿದೆ. ಖಾಸಗಿಯಲ್ಲಿ ಓದುವುದು ತಪ್ಪಲ್ಲ, ಒಳ್ಳೆಯವೂ ಇವೆ. ಆದರೆ ಮಂಡಿಯಲ್ಲಿ ಇವತ್ತಿನ ದರ ಕೇಳದೆ ರಾಶಿ ಅಡಿಕೆ ತೂಕಕ್ಕೆ ಹಾಕುವವರಲ್ಲ ನಿಮ್ಮ ತಂದೆ, ಇಲ್ಲಿಯೂ ಕೇಳಲಿ.

(ನನ್ನ ಹಿತಾಸಕ್ತಿಯನ್ನೂ ಹೇಳಿಬಿಡುತ್ತೇನೆ: ನಾನು ಸಲಹೆಗೆ ಶುಲ್ಕ ತೆಗೆದುಕೊಳ್ಳುತ್ತೇನೆ, ವಿಶ್ವವಿದ್ಯಾಲಯಗಳಿಂದ ಕಮಿಷನ್ ಪಡೆಯುವುದಿಲ್ಲ. ಇಲ್ಲಿ ಉತ್ತರಿಸುವುದಕ್ಕೆ ಶುಲ್ಕವೂ ಇಲ್ಲ.)

ಅದೇ ವಿದ್ಯಾರ್ಥಿನಿ: ಮೇಡಂ, ಎರಡು ಸಲ ಕೇಳಿದ ಮೇಲೆ ಪಾಸ್‌ವರ್ಡ್ ಕೊಟ್ಟರು. ಅಮೆರಿಕದ ಎರಡೂ ಪತ್ರಗಳಲ್ಲಿ ‘ಅರ್ಜಿದಾರರು ಹೆಚ್ಚಿದ್ದರು, ವಿಷಾದಿಸುತ್ತೇವೆ’ ಎಂದಷ್ಟೇ ಇದೆ. ಜರ್ಮನಿಯ ಒಂದರಲ್ಲಿ ಗಣಿತ ಮತ್ತು ಥರ್ಮೋಡೈನಮಿಕ್ಸ್ ಕ್ರೆಡಿಟ್ ಸಾಲದು ಎಂದಿದೆ. ಇನ್ನೊಂದರಲ್ಲಿ ಎಪಿಎಸ್ ಪ್ರಮಾಣಪತ್ರ ಗಡುವಿನೊಳಗೆ ಬರಲಿಲ್ಲ ಎಂದಿದೆ. ಪ್ರಮಾಣಪತ್ರ ಆಮೇಲೆ ಬಂದಿದೆ.

ಉತ್ತರ: ನೋಡಿದಿರಾ, ‘ನಾಲ್ಕೂ ಕಡೆ ಆಗಲಿಲ್ಲ’ ಎಂಬ ಒಂದೇ ಸುದ್ದಿಯೊಳಗೆ ಮೂರು ಬೇರೆ ಬೇರೆ ಸಂಗತಿಗಳಿವೆ.

ಎಪಿಎಸ್‌ನದು ನಿಮ್ಮ ಓದಿನ ಮೇಲಿನ ತೀರ್ಪೇ ಅಲ್ಲ. ಭಾರತೀಯ ವಿದ್ಯಾರ್ಥಿಗಳ ಅಂಕಪಟ್ಟಿ ಅಸಲಿಯೇ ಎಂದು ಪರಿಶೀಲಿಸುವ ಈ ಪ್ರಮಾಣಪತ್ರವನ್ನು ಜರ್ಮನಿ 2022ರ ನವೆಂಬರ್‌ನಿಂದ ಕಡ್ಡಾಯ ಮಾಡಿದೆ. ನಿಮ್ಮದು ತಡವಾಯಿತು, ಅಷ್ಟೆ. ಒಮ್ಮೆ ಬಂದದ್ದು ಮುಂದಿನ ಅರ್ಜಿಗಳಿಗೂ ನಡೆಯುತ್ತದೆ. ಅದೇ ಕೋರ್ಸಿಗೆ ಮುಂದಿನ ಪ್ರವೇಶಾವಧಿಯಲ್ಲಿ ಮತ್ತೆ ಹಾಕಿ.

ಕ್ರೆಡಿಟ್, ಅಂದರೆ ಒಂದು ವಿಷಯವನ್ನು ಎಷ್ಟು ಓದಿದ್ದೀರಿ ಎಂಬ ಅಳತೆ, ನಿಜವಾಗಿ ಕೆಲಸ ಮಾಡಬೇಕಾದ ಜಾಗ. ಏಜೆನ್ಸಿ ಬರೀ ಅಂಕಪಟ್ಟಿ ಕಳುಹಿಸಿತ್ತೇ, ಪ್ರತಿ ವಿಷಯದ ಪಠ್ಯಕ್ರಮ ಮತ್ತು ಬೋಧನಾ ಗಂಟೆಗಳ ವಿವರವನ್ನೂ ಸೇರಿಸಿತ್ತೇ ನೋಡಿ. ಅಂಕಪಟ್ಟಿಯಲ್ಲಿ ವಿಷಯದ ಹೆಸರು ಮಾತ್ರ ಇರುತ್ತದೆ. ಒಳಗೆ ಎಷ್ಟು ಗಣಿತವಿತ್ತೆಂದು ಅಲ್ಲಿ ಕುಳಿತವರಿಗೆ ತಿಳಿಯುವುದಿಲ್ಲ. ಹೀಟ್ ಟ್ರಾನ್ಸ್‌ಫರ್‌ನಂಥ ವಿಷಯ ಬೇರೆ ಹೆಸರಿನ ಕೆಳಗೆ ಅಡಗಿ ಕುಳಿತಿರಬಹುದು. ಪತ್ರದ ಕೊನೆಯಲ್ಲಿ ಆಕ್ಷೇಪಣೆ ಸಲ್ಲಿಸುವ ಕ್ರಮವನ್ನು ಜರ್ಮನ್ ಭಾಷೆಯಲ್ಲಿ ಬರೆದಿದ್ದರೆ ಅದನ್ನು ಅನುವಾದಿಸಿಕೊಳ್ಳಿ. ಸಾಮಾನ್ಯವಾಗಿ ಒಂದು ತಿಂಗಳ ಅವಧಿ ಇರುತ್ತದೆ. ಓದಿದ ವಿಷಯವನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ದಾಖಲೆಸಮೇತ ತೋರಿಸಲು ಸಾಧ್ಯವಾದರೆ ಮಾತ್ರ ಬರೆಯಿರಿ. ‘ನನ್ನ ಕನಸು’ ಎಂದು ಎರಡು ಪುಟ ಬರೆದರೆ ಉಪಯೋಗವಿಲ್ಲ. ನಿಜವಾಗಿಯೂ ಕ್ರೆಡಿಟ್ ಕಡಿಮೆಯಿದ್ದರೆ ಅದೇ ಕೋರ್ಸಿನ ಬೆನ್ನು ಬಿದ್ದು ಫಲವಿಲ್ಲ; ಉತ್ಪಾದನಾ ತಂತ್ರಜ್ಞಾನದಂಥ, ನೀವು ಓದಿದ್ದಕ್ಕೆ ಹೊಂದುವ ಕೋರ್ಸ್ ಹುಡುಕಿ.

ಇನ್ನೊಂದು ಲೆಕ್ಕವನ್ನು ಕಾಗದದ ಮೇಲೆ ಮಾಡಿ. ಜರ್ಮನಿಯಲ್ಲಿ 1 ಅತ್ಯುತ್ತಮ, 4 ಕೊನೆಯ ತೇರ್ಗಡೆ. ಅವರ ಸೂತ್ರದ ಪ್ರಕಾರ ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆದು, ಗರಿಷ್ಠ ಮತ್ತು ಕನಿಷ್ಠ ತೇರ್ಗಡೆ ಅಂಕಗಳ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಬೇಕು. ಕನಿಷ್ಠ 4 ಎಂದು ಹಿಡಿದರೆ ನಿಮ್ಮ 7.4 ಅವರಿಗೆ 2.3 ಆಗುತ್ತದೆ. ಕನಿಷ್ಠ 5 ಎಂದು ಹಿಡಿದರೆ 2.56. ಎಷ್ಟೋ ಕೋರ್ಸುಗಳು 2.5ಕ್ಕೆ ಗೆರೆ ಎಳೆಯುತ್ತವೆ! ಅರ್ಜಿಯಲ್ಲಿ ಕನಿಷ್ಠ ಅಂಕದ ಖಾನೆಗೆ ಏಜೆನ್ಸಿಯವರು ಏನು ತುಂಬಿದ್ದರು, ಅದಕ್ಕೆ ವಿಟಿಯು ದಾಖಲೆಯ ಆಧಾರವಿತ್ತೇ ಎಂದು ತಪ್ಪದೆ ನೋಡಿ. ಪ್ರವೇಶಕ್ಕೆ ಸಂಖ್ಯೆಯ ಮಿತಿಯಿಲ್ಲದ ಕೋರ್ಸುಗಳೂ ಅಲ್ಲಿವೆ. ಅರ್ಹತೆ ಪೂರೈಸಿದವರಿಗೆಲ್ಲ ಸೀಟು. ನಿಮ್ಮ ಮುಂದಿನ ಪಟ್ಟಿಯಲ್ಲಿ ಅಂಥವು ಎರಡಾದರೂ ಇರಲಿ.

ಅಮೆರಿಕದ್ದನ್ನು ಸದ್ಯಕ್ಕೆ ಬಿಡಿ. ಸ್ನಾತಕೋತ್ತರ ಪ್ರವೇಶದಲ್ಲಿ ಅಲ್ಲಿ ಮೇಲ್ಮನವಿ ಸಾಮಾನ್ಯವಾಗಿ ಇರುವುದಿಲ್ಲ, ಕಾರಣ ಕೇಳಿದರೂ ಉತ್ತರ ಬರುವುದು ಅಪರೂಪ. ಜನವರಿ ಪ್ರವೇಶವಿರುವ ವಿಭಾಗಗಳಿಗೆ ಮತ್ತೆ ಹಾಕಬಹುದು. ಆದರೆ ಅದೇ ಉದ್ದೇಶಪತ್ರ (ಈ ಕೋರ್ಸ್ ಏಕೆ ಬೇಕೆಂದು ಬರೆಯುವ ಎಸ್‌ಒಪಿ), ಅದೇ ಶಿಫಾರಸು ಕಳುಹಿಸಿದರೆ ಅದೇ ಉತ್ತರ ಬರುತ್ತದೆ. ಹಳೆಯ ಉದ್ದೇಶಪತ್ರವನ್ನು ಒಮ್ಮೆ ಓದಿ. ಕಾಲೇಜಿನ ಹೆಸರು ತೆಗೆದರೆ ಯಾರದ್ದೂ ಆಗಬಹುದಾದ ಬರಹವಾಗಿದ್ದರೆ ಹರಿದು ಹಾಕಿ, ನಿಮ್ಮ ಪ್ರಾಜೆಕ್ಟ್ ಬಗ್ಗೆ ನೀವೇ ಬರೆಯಿರಿ. ಪಾಸಾದ ಒಂದು ಬ್ಯಾಕ್‌ಲಾಗ್ ನಿಮ್ಮನ್ನು ಕೆಡವಿರುವ ಸಾಧ್ಯತೆ ಕಡಿಮೆ.

ಪ್ರಶ್ನೆ (ಮೇಲಿನ ವಿದ್ಯಾರ್ಥಿನಿಯ ತಂದೆ): ಮೇಡಂ, ಮಗಳ ಪರವಾಗಿ ಕೇಳುತ್ತಿದ್ದೇನೆ. ಸಾಲಕ್ಕೆ ನಾಲ್ಕು ಎಕರೆ ತೋಟದ ಪಹಣಿ ಕೊಡುತ್ತೇನೆಂದರೂ ಬ್ಯಾಂಕಿನವರು ಬೇಡ ಎನ್ನುತ್ತಾರೆ. ಏಜೆನ್ಸಿಯವರು ‘ನಾವು ಮಾಡಿಸಿಕೊಡುತ್ತೇವೆ’ ಎನ್ನುತ್ತಾರೆ.

ಉತ್ತರ: ಸರ್, ಬ್ಯಾಂಕಿನವರು ನಿಮ್ಮನ್ನು ಸತಾಯಿಸುತ್ತಿಲ್ಲ. ಸಾಲ ಮರುಪಾವತಿಯಾಗದಿದ್ದರೆ ಅಡಮಾನ ಆಸ್ತಿಯನ್ನು ವಶಪಡಿಸಿಕೊಳ್ಳುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಶಿಕ್ಷಣ ಸಾಲಕ್ಕೆ ತೋಟವನ್ನು ಅವರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಮನೆ, ಖಾತೆ ಸರಿಯಿರುವ ನಿವೇಶನ, ನಿಶ್ಚಿತ ಠೇವಣಿ ನಡೆಯುತ್ತವೆ. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 7.5 ಲಕ್ಷದವರೆಗೆ ಅಡಮಾನ ಕೇಳುವುದಿಲ್ಲ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ನಿಮಗೆ ಬೇಕಾಗುವ ದೊಡ್ಡ ಮೊತ್ತ ಒಂದೇ: ವರ್ಷದ ಖರ್ಚಿಗೆಂದು ಮುಂಗಡವಾಗಿ ಇಡಬೇಕಾದ ಬ್ಲಾಕ್ಡ್ ಖಾತೆಯ ಹಣ. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು 11,904 ಯೂರೋಗೆ ಏರಿಸಿದರು. ಆ ಹಣ ನಿಮ್ಮ ಮಗಳದ್ದೇ, ತಿಂಗಳಿಗಿಷ್ಟು ಎಂದು ಅಲ್ಲಿ ಅವಳ ಕೈಗೆ ಬರುತ್ತದೆ. ಖಾಸಗಿಗೆ ಹೋದರೆ ಇದರ ಮೇಲೆ ಶುಲ್ಕವೂ ಸೇರುತ್ತದೆ.

‘ಮಾಡಿಸಿಕೊಡುತ್ತೇವೆ’ ಎಂದರೆ ಯಾವ ಬಡ್ಡಿಗೆ, ಯಾರಿಂದ ಎಂದು ಬರವಣಿಗೆಯಲ್ಲಿ ಕೇಳಿ.

ಪ್ರಶ್ನೆ (ಗೃಹಿಣಿ, ಹಿರಿಯೂರು): ನನ್ನ ತಮ್ಮನಿಗೆ ಅಮೆರಿಕದಲ್ಲಿ ಸೀಟು ಸಿಕ್ಕಿತ್ತು, ಆದರೆ ಚೆನ್ನೈನಲ್ಲಿ ಸಂದರ್ಶನದ ದಿನ 214(ಬಿ) ಎಂಬ ಚೀಟಿ ಕೊಟ್ಟು ಕಳುಹಿಸಿದರು. ಮುಂದಿನ ಅರ್ಜಿಯಲ್ಲಿ ಇದನ್ನು ಹೇಳಬಾರದು ಎಂದು ಒಬ್ಬರು ಹೇಳುತ್ತಾರೆ. ಸೀಟೂ ಹೋಯಿತೇ?

ಉತ್ತರ: ಹೇಳಬಾರದು ಎಂದವರ ಮಾತನ್ನು ಇನ್ನು ಕೇಳಬೇಡಿ. ವೀಸಾ ನಮೂನೆಯಲ್ಲಿ ‘ಹಿಂದೆ ನಿರಾಕರಣೆ ಆಗಿದೆಯೇ’ ಎಂದು ನೇರವಾಗಿ ಕೇಳುತ್ತಾರೆ, ಉತ್ತರ ಅವರ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ. ನಿರಾಕರಣೆಯಾದವರಿಗೆ ಮತ್ತೆ ವೀಸಾ ಸಿಕ್ಕ ಉದಾಹರಣೆಗಳು ಬೇಕಾದಷ್ಟಿವೆ. ಸುಳ್ಳು ಬರೆದು ಸಿಕ್ಕಿಬಿದ್ದವರಿಗೆ ಬಾಗಿಲು ಶಾಶ್ವತವಾಗಿಯೂ ಮುಚ್ಚಬಹುದು. ಸೀಟು ಹೋಗಿಲ್ಲ. ಪ್ರವೇಶವನ್ನು ಮುಂದಿನ ಅವಧಿಗೆ ಮುಂದೂಡಿ ಎಂದು ವಿಶ್ವವಿದ್ಯಾಲಯಕ್ಕೆ ಇವತ್ತೇ ಬರೆಯಲಿ. 214(ಬಿ) ಎಂದರೆ ಓದಲು ಮಾತ್ರ ಬರುತ್ತಾನೆ ಎಂಬುದು ಅಧಿಕಾರಿಗೆ ಮನವರಿಕೆಯಾಗಲಿಲ್ಲ ಎಂದು. ಮೇಲ್ಮನವಿ ಇಲ್ಲ, ಹೊಸ ಅರ್ಜಿ ಹಾಕಬಹುದು. ವೀಸಾ ಶುಲ್ಕ ಮತ್ತೆ ಕಟ್ಟಬೇಕು. ಹನ್ನೆರಡು ತಿಂಗಳೊಳಗೆ ಅದೇ ಬಗೆಯ ವೀಸಾಕ್ಕೆ ಅರ್ಜಿ ಹಾಕಿದರೆ, ವಿದೇಶಿ ವಿದ್ಯಾರ್ಥಿಗಳ ದಾಖಲೆ ವ್ಯವಸ್ಥೆಗೆ ಕಟ್ಟಿದ 350 ಡಾಲರಿನ ಸೇವಿಸ್ ಶುಲ್ಕವನ್ನು ಮತ್ತೆ ಕಟ್ಟಬೇಕಿಲ್ಲ. ಆ ಕೋರ್ಸೇ ಏಕೆ, ಹಣ ಯಾರದು: ಈ ಎರಡಕ್ಕೆ ಬಾಯಿಪಾಠವಲ್ಲದ ಉತ್ತರ ಸಿದ್ಧವಾಗುವ ತನಕ ದಿನಾಂಕ ಹಿಡಿಯಬೇಡಿ.

ಪ್ರಶ್ನೆ (ಪೋಷಕರು, ಚಿತ್ರದುರ್ಗ): ಮಗ ದ್ವಿತೀಯ ಪಿಯು ಮುಗಿಸಿದ್ದಾನೆ. ಬ್ರಿಟನ್‌ನಲ್ಲಿ ಪದವಿಗೆ ಹಾಕಿದ ಐದೂ ಕಡೆ ತಿರಸ್ಕಾರವಾಯಿತು. ಈ ವರ್ಷ ಮುಗಿಯಿತೇ?

ಉತ್ತರ: ಇಲ್ಲ. ಅಲ್ಲಿನ ಪದವಿ ಪ್ರವೇಶಗಳು ಯುಕಾಸ್ ಎಂಬ ಕೇಂದ್ರೀಕೃತ ಅರ್ಜಿ ವ್ಯವಸ್ಥೆಯ ಮೂಲಕ ನಡೆಯುತ್ತವೆ. ಐದೂ ಆಯ್ಕೆ ಮುಗಿದವರಿಗೆ ಜುಲೈ ಆರಂಭದವರೆಗೆ ‘ಎಕ್ಸ್‌ಟ್ರಾ’ದಲ್ಲಿ ಒಂದೊಂದಾಗಿ ಹಾಕುವ ಅವಕಾಶವಿದೆ. ಆಮೇಲೆ ಅಕ್ಟೋಬರ್‌ವರೆಗೆ ‘ಕ್ಲಿಯರಿಂಗ್’, ಅಂದರೆ ಖಾಲಿ ಉಳಿದ ಸೀಟುಗಳ ಹಂಚಿಕೆ. ಆದರೆ ವೀಸಾಕ್ಕೆ ಸಮಯ ಬೇಕು, ತೋರಿಸಬೇಕಾದ ಹಣ 28 ದಿನ ಖಾತೆಯಲ್ಲಿಯೇ ಇರಬೇಕು, ಸೆಪ್ಟೆಂಬರ್‌ವರೆಗೆ ಎಳೆಯಬೇಡಿ. ಪಿಯು ಅಂಕ ಸಾಲದು ಎಂದಿದ್ದರೆ ಫೌಂಡೇಶನ್ ವರ್ಷದ, ಅಂದರೆ ಪದವಿಗೆ ಮುಂಚಿನ ಸಿದ್ಧತಾ ವರ್ಷದ ದಾರಿಯಿದೆ, ಅದು ದುಬಾರಿ. ಹದಿನೆಂಟರ ಹುಡುಗನನ್ನು ಆ ಖರ್ಚಿನಲ್ಲಿ ಕಳುಹಿಸುವ ಬದಲು ಇಲ್ಲಿ ಪದವಿ ಮುಗಿಸಿ ಸ್ನಾತಕೋತ್ತರಕ್ಕೆ ಕಳುಹಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಅದೇ ವಿದ್ಯಾರ್ಥಿನಿ: ಮೇಡಂ, ಒಂದು ವರ್ಷ ಖಾಲಿ ಬಿದ್ದರೆ ತೊಂದರೆಯಾಗುವುದಿಲ್ಲವೇ? ಅಮ್ಮ ಹೇಳುವ ಎಂ.ಟೆಕ್?

ಉತ್ತರ: ವರ್ಷ ಖಾಲಿ ಬಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಏನು ಮಾಡಿದಿರಿ ಎಂದು ಕೇಳುತ್ತಾರೆ. ಕೆಲಸಕ್ಕೆ ಸೇರಿ, ಸಂಜೆ ಜರ್ಮನ್ ಕಲಿಯಿರಿ. ಬಿ1, ಅಂದರೆ ದಿನನಿತ್ಯದ ಮಾತುಕತೆ ನಡೆಸಬಲ್ಲ ಹಂತ ಮುಟ್ಟಿದರೆ ಅಲ್ಲಿ ಅರೆಕಾಲಿಕ ಕೆಲಸ ಹುಡುಕುವುದು ಎಷ್ಟೋ ಹಗುರ. ಅಮ್ಮನ ಮಾತನ್ನೂ ಪಕ್ಕಕ್ಕಿಡಬೇಡಿ: ಎಂ.ಟೆಕ್ ಪ್ರವೇಶಕ್ಕಿರುವ ಗೇಟ್ ಪರೀಕ್ಷೆ ಬರೆಯಿರಿ. ಅದರ ಅಂಕ ಮೂರು ವರ್ಷ ನಡೆಯುತ್ತದೆ, ಜರ್ಮನಿಯ ಕೆಲವು ತಾಂತ್ರಿಕ ವಿಶ್ವವಿದ್ಯಾಲಯಗಳು ಜಿಆರ್‌ಇ ಎಂಬ ಅಂತರರಾಷ್ಟ್ರೀಯ ಪ್ರವೇಶ ಪರೀಕ್ಷೆಯ ಬದಲು ಅದನ್ನು ಒಪ್ಪುತ್ತವೆ. ಇಲ್ಲಿ ಗೇಟ್ ಮೂಲಕ ಎಂ.ಟೆಕ್ ಸೇರಿದರೆ ತಿಂಗಳಿಗೆ 12,400 ರೂಪಾಯಿ ಶಿಷ್ಯವೇತನವಿದೆ. ಇಂಗ್ಲಿಷ್ ಭಾಷಾ ಪರೀಕ್ಷೆ ಐಇಎಲ್‌ಟಿಎಸ್‌ನ ಅಂಕಕ್ಕೆ ಎರಡೇ ವರ್ಷದ ಆಯುಸ್ಸು, ಅದರ ದಿನಾಂಕ ನೋಡಿಕೊಂಡು ಯೋಜಿಸಿ.

ಅದೇ ವಿದ್ಯಾರ್ಥಿನಿ: ಕೊನೆಯದೊಂದು. ಖಾಸಗಿ ಸೀಟು ಬೇಡ ಎಂದೆವು. ಈಗ ನನ್ನ ಮೂಲ ಅಂಕಪಟ್ಟಿಗಳನ್ನು ಕೊಡುತ್ತಿಲ್ಲ, ‘ಬಾಕಿ ಶುಲ್ಕ’ ಕಟ್ಟಿ ಎನ್ನುತ್ತಾರೆ.

ಉತ್ತರ: ನಿಮ್ಮ ಅಂಕಪಟ್ಟಿಯನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಯಾವ ಏಜೆನ್ಸಿಗೂ ಇಲ್ಲ. ಯಾವ ಯಾವ ದಾಖಲೆ, ಯಾವ ದಿನ ಕೊಟ್ಟಿರಿ ಎಂದು ಪಟ್ಟಿ ಮಾಡಿ, ಏಳು ದಿನದೊಳಗೆ ಹಿಂತಿರುಗಿಸಿ ಎಂದು ಇಮೇಲ್ ಕಳುಹಿಸಿ. ಅದನ್ನೇ ಸ್ಪೀಡ್ ಪೋಸ್ಟ್‌ನಲ್ಲಿಯೂ ಹಾಕಿ. ಹಣ ಕಟ್ಟಿದ ರಸೀದಿ, ವಾಟ್ಸ್‌ಆ್ಯಪ್ ಮಾತುಕತೆ ಅಳಿಸಬೇಡಿ. ಆಗಲೂ ಕೊಡದಿದ್ದರೆ ಪೊಲೀಸ್ ದೂರಿನ ಜೊತೆಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರರು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕಚೇರಿ ಬೆಂಗಳೂರಿನಲ್ಲಿದ್ದರೂ ಉತ್ತರ ಹೇಳಲು ಅವರೇ ದಾವಣಗೆರೆಗೆ ಬರಬೇಕಾಗುತ್ತದೆ. ನೀವು ಕಳುಹಿಸುವ ಇಮೇಲ್ ಮತ್ತು ಪತ್ರದಲ್ಲಿ ಈ ಮಾತನ್ನು ಸೇರಿಸಲು ಮರೆಯಬೇಡಿ.