ಇತಿಹಾಸದ ಪಾಠ: ಪುಸ್ತಕ ಓದಿ ಕಲಿಯುವುದಕ್ಕೂ ಸಿನಿಮಾ ನೋಡಿ ಕಲಿಯುವುದಕ್ಕೂ ಏನು ವ್ಯತ್ಯಾಸ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಸುರಪುರ ತಾಲೂಕು

ಎಲ್ಲರಿಗೂ ನಮಸ್ಕಾರ. ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಶಾಲೆಗೆ ಪ್ರೊಜೆಕ್ಟರ್ ಬಂದ ಮೇಲೆ ಪಾಠಕ್ಕೆ ಹೊಂದುವ ಸಿನಿಮಾಗಳನ್ನು ಆಗಾಗ ತೋರಿಸುತ್ತೇವೆ. ಈ ವರ್ಷ ಹತ್ತನೆಯ ತರಗತಿಗೆ 1857ರ ಹೋರಾಟದ ಪಾಠ ಮುಗಿದ ಮೇಲೆ ಅದೇ ಕಾಲದ ಕಥೆಯುಳ್ಳ ಒಂದು ಹಿಂದಿ ಸಿನಿಮಾ ತೋರಿಸಿ, ಆಮೇಲೆ ಕಿರುಪರೀಕ್ಷೆ ನಡೆಸಿದೆವು.

ಉತ್ತರಪತ್ರಿಕೆ ತಿದ್ದುವಾಗ ಎರಡು ಸಂಗತಿಗಳು ಕಂಡವು. ಯಾವ ಪ್ರಶ್ನೆಗೂ ಎರಡು ಸಾಲಿನ ಮೇಲೆ ಬರೆಯದ ಹುಡುಗರು ಈ ಬಾರಿ ಪುಟ ತುಂಬಿಸಿದ್ದರು. ಆದರೆ ಚೆನ್ನಾಗಿ ಓದುವ ಒಬ್ಬ ಹುಡುಗಿ, ನಾಯಕನು ಸಾಯುವ ಮುನ್ನ ಆಡಿದ ಮಾತೆಂದು ಒಂದು ವಾಕ್ಯವನ್ನು ಉದ್ಧರಣ ಚಿಹ್ನೆ ಹಾಕಿ ಬರೆದಿದ್ದಳು. ಆ ಮಾತು ಪಠ್ಯದಲ್ಲಿ ಎಲ್ಲಿಯೂ ಇಲ್ಲ. ಅದು ಸಿನಿಮಾದ ಸಂಭಾಷಣೆ. ಕರೆದು ಕೇಳಿದಾಗ, "ಪುಸ್ತಕದಾಗ ಐತ್ರಿ ಅಕ್ಕೋರೆ, ಬಲಗಡಿ ಪುಟದಾಗ ಓದೀನಿ" ಎಂದು ನನ್ನ ಮುಂದೆಯೇ ಪಾಠವನ್ನು ಹಿಂದೆ ಮುಂದೆ ತಿರುವಿ ಬಹಳ ಹೊತ್ತು ಹುಡುಕಿದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ.

ಮಕ್ಕಳು ಇಷ್ಟೊಂದು ಉತ್ಸಾಹದಿಂದ ಬರೆಯುವಾಗ ಸಿನಿಮಾ ನಿಲ್ಲಿಸುವುದು ಸರಿಯಲ್ಲ ಎಂದು ಕೆಲವು ಸಹೋದ್ಯೋಗಿಗಳೂ, ಇತಿಹಾಸವನ್ನು ಪುಸ್ತಕದಿಂದಲೇ ಕಲಿಸಬೇಕು ಎಂದು ಇನ್ನು ಕೆಲವರೂ ಹೇಳುತ್ತಿದ್ದಾರೆ. ಪುಸ್ತಕದಿಂದ ಮಾತ್ರ ಬರುವ ಕಲಿಕೆ ಯಾವುದು, ಸಿನಿಮಾದಿಂದ ಮಾತ್ರ ಬರುವುದು ಯಾವುದು, ಎರಡನ್ನೂ ಬಳಸುವುದಾದರೆ ಹೇಗೆ ಎಂದು ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಇತಿಹಾಸ ಉಪನ್ಯಾಸಕ, ಕಲಬುರಗಿ

ಅಕ್ಕೋರೆ, ನಿಮ್ಮ ವಿದ್ಯಾರ್ಥಿನಿಗೆ ಆದದ್ದು ಪ್ರಯೋಗಗಳಲ್ಲಿಯೂ ಕಂಡುಬಂದಿದೆ. ಅಮೆರಿಕದ ಸೇಂಟ್ ಲೂಯಿ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಿದ್ಯಾರ್ಥಿಗಳಿಗೆ ಇತಿಹಾಸದ ಪಠ್ಯವನ್ನು ಓದಲು ಕೊಟ್ಟು, ಅದೇ ವಿಷಯದ ಜನಪ್ರಿಯ ಸಿನಿಮಾಗಳ ತುಣುಕುಗಳನ್ನೂ ತೋರಿಸಿದರು. ದೃಶ್ಯವು ಪಠ್ಯಕ್ಕೆ ಹೊಂದಿದ್ದಲ್ಲಿ, ಬರೀ ಓದಿದವರಿಗಿಂತ ಸುಮಾರು ಶೇಕಡಾ 50ರಷ್ಟು ಹೆಚ್ಚು ಸಂಗತಿಗಳು ನೆನಪಿನಲ್ಲಿ ಉಳಿದವು. ದೃಶ್ಯವು ಪಠ್ಯಕ್ಕೆ ವಿರುದ್ಧವಾಗಿದ್ದಲ್ಲಿ, ಸರಿಯಾದದ್ದನ್ನು ಓದಿದ ಮೇಲೆಯೂ ಅನೇಕರು ಸಿನಿಮಾದ ತಪ್ಪನ್ನೇ ಬರೆದರು. ಅದನ್ನು ಪಠ್ಯದಲ್ಲಿಯೇ ಓದಿದ್ದೆವೆಂದು ನಂಬಿದವರೂ ಇದ್ದರು. ಸಿನಿಮಾದಲ್ಲಿ ತಪ್ಪುಗಳಿರಬಹುದು ಎಂಬ ಸಾಮಾನ್ಯ ಎಚ್ಚರಿಕೆಯಿಂದ ಹೆಚ್ಚೇನೂ ಪ್ರಯೋಜನವಾಗಲಿಲ್ಲ. ಇಂಥ ಕಡೆ ಇಂಥ ತಪ್ಪಿದೆ ಎಂದು ಬೊಟ್ಟು ಮಾಡಿ ಹೇಳಿದಾಗ ಮಾತ್ರ ಆ ತಪ್ಪು ಉತ್ತರಗಳು ಬಹುಮಟ್ಟಿಗೆ ನಿಂತವು. ಹೀಗಾಗಿ ನಿಮ್ಮ ಸಹೋದ್ಯೋಗಿಗಳ ಎರಡು ಮಾತುಗಳಲ್ಲಿಯೂ ಸತ್ಯವಿದೆ.

ಆದರೆ ನನ್ನ ಮುಖ್ಯ ಆಕ್ಷೇಪ ತಪ್ಪುಗಳ ಬಗ್ಗೆ ಅಲ್ಲ. ತಪ್ಪು ಪುಸ್ತಕದಲ್ಲಿಯೂ ಇರುತ್ತದೆ. ತಿಳಿಯದ ಸಂಗತಿಯನ್ನು ತಿಳಿಯದು ಎಂದೇ ಬಿಡುವ ಅವಕಾಶ ಪುಸ್ತಕಕ್ಕಿದೆ, ಸಿನಿಮಾಕ್ಕೆ ಅದು ಬಹಳ ಕಡಿಮೆ. ನಿಮ್ಮ ಊರಿನದೇ ಉದಾಹರಣೆ ತೆಗೆದುಕೊಳ್ಳಿ. ಸುರಪುರದ ರಾಜಾ ವೆಂಕಟಪ್ಪ ನಾಯಕರು ಬಾಲಕರಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡವರು ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್. ಆ ಹುಡುಗ ತನ್ನನ್ನು 'ಅಪ್ಪಾ' ಎಂದು ಕರೆಯುತ್ತಿದ್ದನೆಂದು ಟೇಲರ್ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದು ಅವರು ತೀರಿಕೊಂಡ ಮರುವರ್ಷ, 1877ರಲ್ಲಿ, ಅಚ್ಚಾಯಿತು. ರಾಜರು ಬ್ರಿಟಿಷರ ವಿರುದ್ಧ ಬಂಡೆದ್ದ ಮೇಲೆ 1858ರಲ್ಲಿ ಸುರಪುರ ಬ್ರಿಟಿಷರ ಕೈಸೇರಿ, ರಾಜರು ಹೈದರಾಬಾದಿನಲ್ಲಿ ಸೆರೆಯಾದರು. ಅವರಿಗೆ ವಿಧಿಸಿದ ಮರಣದಂಡನೆ ಮೊದಲು ಗಡೀಪಾರಾಗಿ, ಕೊನೆಗೆ ಮದ್ರಾಸಿನ ಬಳಿಯ ಚೆಂಗಲ್ಪಟ್ಟಿನಲ್ಲಿ ನಾಲ್ಕು ವರ್ಷಗಳ ಸೆರೆಯಾಗಿ ಇಳಿಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲಿ ಅವರು ಗುಂಡು ತಗುಲಿ ಸತ್ತರು.

ಅದು ಆತ್ಮಹತ್ಯೆಯೋ, ಕೈತಪ್ಪಿ ಹಾರಿದ ಗುಂಡೋ, ಯಾರಾದರೂ ಹೊಡೆದದ್ದೋ ಎಂಬ ವಿಷಯದಲ್ಲಿ ಒಮ್ಮತವಿಲ್ಲ. ಪುಸ್ತಕ ಬರೆಯುವವರು ಈ ಮೂರನ್ನೂ ಮುಂದಿಟ್ಟು, ಯಾರು ಏನು ಹೇಳಿದ್ದಾರೆ, ಹೇಳುವವರಿಗೆ ಅದರಲ್ಲಿ ಏನು ಹಿತವಿತ್ತು ಎಂದು ವಿಚಾರಿಸಿ, ತೀರ್ಪು ಕೊಡದೆಯೇ ಅಧ್ಯಾಯ ಮುಗಿಸಬಹುದು. ಸಿನಿಮಾ ಮಾಡುವವರಾದರೋ ಪಿಸ್ತೂಲು ಯಾರ ಕೈಯಲ್ಲಿತ್ತು, ಕಾವಲಿನವನು ಎತ್ತ ಮುಖ ಮಾಡಿದ್ದ, ರಾಜರ ಮುಖದಲ್ಲಿ ಯಾವ ಭಾವವಿತ್ತು ಎಂಬುದನ್ನೆಲ್ಲ ಚಿತ್ರೀಕರಣದ ದಿನವೇ ನಿಶ್ಚಯಿಸಬೇಕಾಗುತ್ತದೆ. ಒಂದೇ ಘಟನೆಯನ್ನು ಹಲವರ ಬಾಯಿಂದ ಹಲವು ಬಗೆಯಾಗಿ ಹೇಳಿಸುವ ಸಿನಿಮಾಗಳೂ ಇವೆ, ನಿಜ. ಆದರೆ ಅವು ವಿರಳ, ಹೈಸ್ಕೂಲಿನ ಮಕ್ಕಳ ಮುಂದೆ ಬರುವುದು ಇನ್ನೂ ವಿರಳ. ಒಮ್ಮೆ ಕಣ್ಣಾರೆ ಕಂಡ ಸಾವನ್ನು ಮಗು ಸಂಶಯಿಸುವುದಿಲ್ಲ. ಸಂಶಯಿಸುವುದನ್ನು ಕಲಿಸದ ಇತಿಹಾಸದ ಪಾಠಕ್ಕೆ ನಾನು ಬೆಲೆ ಕೊಡಲಾರೆ.

ಉತ್ತರ 2: ಬಿದರಿ ಕುಸುರಿ ಮನೆತನದವರು, ಬೀದರ್

ಉಪನ್ಯಾಸಕರ ಮಾತು ಇತಿಹಾಸದ ಮಟ್ಟಿಗೆ ಒಪ್ಪುವಂಥದ್ದು. ಆದರೆ ಕೈಯಿಂದ ಮಾಡುವ ಕೆಲಸದ ವಿಷಯ ಬಂದಾಗ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ.

ಬಿದರಿ ಕಲೆಯ ಬಗ್ಗೆ ಬಂದ ಲೇಖನಗಳು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಎರಕ ಹೊಯ್ಯುವುದು, ಮೈಲುತುತ್ತದ ನೀರು ಹಚ್ಚಿ ಮೈಯನ್ನು ತಾತ್ಕಾಲಿಕವಾಗಿ ಕಪ್ಪು ಮಾಡಿ ಅದರ ಮೇಲೆ ಚಿತ್ತಾರ ಗೀರುವುದು, ಉಳಿಯಿಂದ ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿ ಕೂಡಿಸುವುದು, ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿದ ಬಿಸಿನೀರಿನ ಸಂಸ್ಕಾರದಿಂದ ಲೋಹ ಕಪ್ಪಾಗಿ ಬೆಳ್ಳಿ ಬೆಳ್ಳಗೇ ಉಳಿಯುವುದು, ಇಷ್ಟನ್ನು ಯಾರೂ ಓದಿ ಬಾಯಿಪಾಠ ಮಾಡಬಹುದು. ಅಷ್ಟು ಓದಿ ಬಂದವರ ಕೈಗೆ ಉಳಿ ಕೊಟ್ಟರೆ ಮೊದಲ ಗೆರೆಯಲ್ಲಿಯೇ ಉಳಿ ಜಾರುತ್ತದೆ. ಉಳಿಯನ್ನು ಎಷ್ಟು ಓರೆಯಾಗಿ ಹಿಡಿಯಬೇಕು, ಬಳ್ಳಿ ಬಾಗುವ ಕಡೆ ಉಳಿ ತಿರುಗಬೇಕೋ ಪಾತ್ರೆ ತಿರುಗಬೇಕೋ ಎಂಬುದನ್ನು ಅಕ್ಷರದಲ್ಲಿ ಹೇಳಹೊರಟರೆ ಪುಟಗಳು ತುಂಬುತ್ತವೆಯೇ ಹೊರತು ಕೈಗೆ ಬರುವುದಿಲ್ಲ. ಹತ್ತಿರದಿಂದ ತೆಗೆದ ಐದು ನಿಮಿಷದ ಚಿತ್ರದಲ್ಲಿ ಅದು ಕಾಣುತ್ತದೆ. ನಿಲ್ಲಿಸಿ, ನಿಧಾನ ಮಾಡಿ, ಮತ್ತೆ ನೋಡಬಹುದು.

ಹಾಗೆಂದು ಚಿತ್ರವೂ ಪೂರ್ತಿ ಕಲಿಸುವುದಿಲ್ಲ. ಬಿಸಿಲು ಮಳೆ ಕಾಣದ ಜಾಗದ ಮಣ್ಣನ್ನು ನಮ್ಮ ಹಿರಿಯರು ನಾಲಿಗೆಗೆ ಹಚ್ಚಿ ಪರೀಕ್ಷಿಸುತ್ತಾರೆ. ಆ ರುಚಿಯನ್ನು ಪುಸ್ತಕವೂ ತಿಳಿಸದು, ಚಿತ್ರವೂ ತಿಳಿಸದು. ಅದಕ್ಕೆ ಉಸ್ತಾದರ ಪಕ್ಕದಲ್ಲಿಯೇ ಕೂರಬೇಕು.

ಉತ್ತರ 3: ಗ್ರಾಮ ಪಂಚಾಯಿತಿ ಅರಿವು ಕೇಂದ್ರದ (ಗ್ರಂಥಾಲಯದ) ಮೇಲ್ವಿಚಾರಕಿ, ಯಾದಗಿರಿ ತಾಲೂಕು

ಹಿರಿಯರಾದ ಉಪನ್ಯಾಸಕರಲ್ಲಿ ಒಂದು ವಿನಂತಿ. ತಾವು ಓದಬಲ್ಲ ಮಗುವನ್ನು ಕಣ್ಣ ಮುಂದೆ ಇಟ್ಟುಕೊಂಡು ಮಾತನಾಡಿದ್ದೀರಿ. ನಮ್ಮ ಕೇಂದ್ರಕ್ಕೆ ಬರುವವರಲ್ಲಿ ಅನೇಕರು, ಅಪ್ಪ ಅಮ್ಮ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗುವಾಗ ಅವರ ಜೊತೆ ಹೋಗಿ, ಅರ್ಧ ವರ್ಷದ ಪಾಠ ತಪ್ಪಿಸಿಕೊಂಡು ಬಂದವರು. ಎಂಟನೆಯ ತರಗತಿಯಲ್ಲಿದ್ದರೂ ಒತ್ತಕ್ಷರ ಬಂದ ಕಡೆ ಅವರ ಬೆರಳು ನಿಂತುಬಿಡುತ್ತದೆ. ಅಂಥ ಮಗುವಿಗೆ ಮೂರು ಅಭಿಪ್ರಾಯಗಳ ಅಧ್ಯಾಯವನ್ನು ಕೊಟ್ಟರೆ ಅದಕ್ಕೆ ಒಂದೂ ದಕ್ಕುವುದಿಲ್ಲ. ಸಿನಿಮಾ ನೋಡಿದ ಮಗುವಿಗೆ ರಾಜ, ದಿವಾನ, ಪಲ್ಟನ್ ಎಂಬವರೆಲ್ಲ ಯಾರೆಂದು ಮೊದಲೇ ಗೊತ್ತಿರುತ್ತದೆ. ಆಮೇಲೆ ಪುಸ್ತಕದಲ್ಲಿ ಆ ಹೆಸರು ಕಂಡಾಗ ಗುರುತಿನವರು ಸಿಕ್ಕಂತೆ ಧೈರ್ಯ ಮಾಡಿ ಓದುತ್ತದೆ.

ಇನ್ನೂ ಒಂದು ಮಾತು. ತೆಲಂಗಾಣದ ಗಡಿಯ ನಮ್ಮ ಹಳ್ಳಿಗಳಲ್ಲಿ ಒಂದು ಅಕ್ಷರ ತೆಲುಗು ಓದಲು ಬಾರದ ಮಕ್ಕಳು ಸಿನಿಮಾ ನೋಡಿಯೇ ತೆಲುಗು ಮಾತು ಕಲಿತಿದ್ದಾರೆ, ಸಂತೆಯಲ್ಲಿ ವ್ಯವಹಾರಕ್ಕೂ ಬಳಸುತ್ತಾರೆ. ಯಾವ ವ್ಯಾಕರಣ ಪುಸ್ತಕವೂ ಅವರಿಗೆ ಅದನ್ನು ಕಲಿಸಿರಲಿಲ್ಲ. ಇದನ್ನು ಕಲಿಕೆಯಲ್ಲ ಎನ್ನಲು ನನಗೆ ಮನಸ್ಸು ಬಾರದು.

ಪ್ರಶ್ನೆ ಕೇಳಿದವರ ಮರುಬರಹ

ಮೂವರಿಗೂ ಕೃತಜ್ಞತೆಗಳು. ಮೇಲ್ವಿಚಾರಕಿಯವರು ಹೇಳಿದಂಥ ಮಕ್ಕಳು ನನ್ನ ತರಗತಿಯಲ್ಲಿಯೂ ಇರುವುದರಿಂದ ಸಿನಿಮಾ ನಿಲ್ಲಿಸುವುದಿಲ್ಲ. ಬಿದರಿಯ ಮಾತು ಓದಿದ ಮೇಲೆ, ತೋಪು ತುಂಬುವುದು, ಕೋಟೆಗೆ ಏಣಿ ಹಾಕುವುದು ಮುಂತಾದ ಕ್ರಿಯೆಗಳನ್ನು ಚಿತ್ರದಿಂದಲೂ, ಯಾರು ಏಕೆ ಹೀಗೆ ಮಾಡಿದರು ಎಂಬುದನ್ನು ಪಠ್ಯದಿಂದಲೂ ಕಲಿಸಬಹುದೆಂದು ತೋರುತ್ತಿದೆ. ಉಪನ್ಯಾಸಕರಿಗೆ ಇನ್ನೊಂದು ಪ್ರಶ್ನೆ: ಇಡೀ ಸಿನಿಮಾದ ಪ್ರತಿಯೊಂದು ತಪ್ಪನ್ನೂ ನಾನು ಮೊದಲೇ ಪಟ್ಟಿ ಮಾಡಲಾರೆ. ಹಾಗಿರುವಾಗ ಬೊಟ್ಟು ಮಾಡಿ ಎಚ್ಚರಿಸುವುದು ಹೇಗೆ? ಆ ಹುಡುಗಿಯ ಉತ್ತರಕ್ಕೆ ಅಂಕ ಕೊಡಬೇಕೇ?

ಉತ್ತರ 1 ಬರೆದವರಿಂದ

ಇಡೀ ಸಿನಿಮಾ ತೋರಿಸಬೇಡಿ. ಇಪ್ಪತ್ತು ನಿಮಿಷದ ಒಂದು ಭಾಗ ಆರಿಸಿ, ಅದನ್ನು ನೀವು ಮೊದಲು ಪಠ್ಯದ ಜೊತೆ ಇಟ್ಟು ನೋಡಿ. ಅಷ್ಟರಲ್ಲಿ ತಪ್ಪುಗಳು ಕೈಗೆ ಸಿಗುತ್ತವೆ. ಚಿತ್ರ ಶುರುವಾಗುವ ಮುನ್ನವೇ ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದಿಡಿ. ಮಕ್ಕಳು ಪರದೆಯನ್ನು ಸುಲಭವೆಂದೂ ಅಕ್ಷರವನ್ನು ಕಷ್ಟವೆಂದೂ ಭಾವಿಸುವುದರಿಂದ ನೋಡುವಾಗ ಮನಸ್ಸಿನ ಶ್ರಮ ಕಡಿಮೆ ಹಾಕುತ್ತಾರೆ ಎಂದು ಗೇವ್ರಿಯೆಲ್ ಸಾಲೊಮನ್ ಎಂಬ ಮನಃಶಾಸ್ತ್ರಜ್ಞರು 1984ರಲ್ಲಿಯೇ ತೋರಿಸಿದ್ದಾರೆ. ಕೈಯಲ್ಲಿ ಪ್ರಶ್ನೆ ಇದ್ದರೆ ಆ ಶ್ರಮ ತಾನಾಗಿ ಬರುತ್ತದೆ. ಮೇಲ್ವಿಚಾರಕಿಯವರ ಮಾತಿಗೂ ನನ್ನ ಒಪ್ಪಿಗೆಯಿದೆ: ಓದಲು ತಡವರಿಸುವ ಮಕ್ಕಳಿಗೆ ಚಿತ್ರ ಮೊದಲು, ಪಾಠ ಆಮೇಲೆ ಇರಲಿ.

ಅಂಕದ ವಿಷಯ. ಉತ್ತರದ ಪ್ರತಿ ಸಂಗತಿಯ ಮುಂದೆ 'ಪಾಠದಲ್ಲಿ ಓದಿದ್ದು', 'ಚಿತ್ರದಲ್ಲಿ ಕಂಡದ್ದು' ಎಂದು ಗುರುತು ಹಾಕುವುದನ್ನು ರೂಢಿ ಮಾಡಿಸಿ, ಆ ಗುರುತು ಸರಿಯಿದ್ದರೆ ಅದಕ್ಕೇ ಒಂದು ಅಂಕ ಇಡಿ. ಈ ಬಾರಿ ಆ ಹುಡುಗಿಯ ಅಂಕ ಕಳೆಯಬೇಡಿ, ಅದೇ ಪ್ರಶ್ನೆಗೆ ಗುರುತು ಹಾಕಿ ಇನ್ನೊಮ್ಮೆ ಬರೆಯಲು ಹೇಳಿ.